ಮೊದಲು ರಾಜಿ, ಆಮೇಲೆ ಪ್ರಭುಭೋಜನ

ಮಾನ್ಯರೇ,

ನಮ್ಮ ಚರ್ಚಿನ ಕಮಿಟಿ ಚುನಾವಣೆ ಮುಗಿದು ವರ್ಷವಾಗುತ್ತಾ ಬಂತು. ಗೆದ್ದವರು, ಸೋತವರು ಇನ್ನೂ ಮುಖ ಕೊಟ್ಟು ಮಾತಾಡುವುದಿಲ್ಲ. ಆರಾಧನೆಯಲ್ಲಿ ಒಂದು ಗುಂಪು ಎಡಗಡೆ ಬೆಂಚು, ಇನ್ನೊಂದು ಬಲಗಡೆ. ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಪ್ರಭುಭೋಜನಕ್ಕೆ ಮಾತ್ರ ಒಂದೇ ಸಾಲಿನಲ್ಲಿ ಮೊಣಕಾಲೂರುತ್ತಾರೆ. ಕಾಣಿಕೆ ಅಲ್ಲೇ ಬಿಟ್ಟು ಮೊದಲು ಹೋಗಿ ಸಹೋದರನ ಜೊತೆ ರಾಜಿಯಾಗು ಎಂದು ಯೇಸು ಹೇಳಿದ್ದು ಬೈಬಲಿನ ಮತ್ತಾಯನ ಸುವಾರ್ತೆಯ 5ನೇ ಅಧ್ಯಾಯದಲ್ಲಿದೆ. ಓದುತ್ತೇವೆ, ಅಷ್ಟೇ.

ನನಗೆ ಒಡಿಶಾದಲ್ಲಿ ಕುಷ್ಠರೋಗಿಗಳ ಸೇವೆ ಮಾಡುತ್ತಿದ್ದ ಆಸ್ಟ್ರೇಲಿಯಾದ ಮಿಷನರಿ ಗ್ಲಾಡಿಸ್ ಸ್ಟೇನ್ಸ್ ನೆನಪಾಗುತ್ತಾರೆ. 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಅವರ ಗಂಡ ಗ್ರಹಾಂ, ಮಕ್ಕಳಾದ ಫಿಲಿಪ್ (10), ತಿಮೊತಿ (6) ವಾಹನದೊಳಗೆ ಮಲಗಿದ್ದಾಗ ಗುಂಪೊಂದು ಬೆಂಕಿ ಹಚ್ಚಿ ಮೂವರನ್ನೂ ಕೊಂದಿತು. ಆ ತಾಯಿ ಕ್ಷಮಿಸಿದ್ದೇನೆ ಎಂದರು. ಊರು ಬಿಟ್ಟು ಓಡಲೂ ಇಲ್ಲ. 2004ರವರೆಗೆ ಬಾರಿಪದದಲ್ಲೇ ಇದ್ದು ಕುಷ್ಠರೋಗಿಗಳ ಸೇವೆ ಮುಂದುವರಿಸಿದರು. ಕ್ಷಮೆ ಬೇರೆ, ಅಪರಾಧಕ್ಕೆ ಕಾನೂನು ಕೊಡುವ ಶಿಕ್ಷೆ ಬೇರೆ ಎಂದೂ ಸ್ಪಷ್ಟವಾಗಿ ಹೇಳಿದರು. ಈ ಮಾತು ನನಗೆ ಜಾಸ್ತಿ ಹಿಡಿಸುತ್ತದೆ. ಗಂಡನ ಕೈಲಿ ಹೊಡೆತ ತಿಂದು ಬಂದ ಹೆಂಗಸಿಗೂ "ಸುಮ್ನೆ ಕ್ಷಮಿಸಿಬಿಡಮ್ಮ" ಎನ್ನುವ ಹಿರಿಯರು ನಮ್ಮಲ್ಲಿದ್ದಾರೆ. ದಯವಿಟ್ಟು ಬಾಯಿ ಮುಚ್ಚಿಸುವುದಕ್ಕೆ ಕ್ಷಮೆಯ ಹೆಸರು ಕೊಡಬೇಡಿ.

ನಮ್ಮ ಕಮಿಟಿ ಜಗಳ ಅಂಥ ದೊಡ್ಡದೇನಲ್ಲ, ಅಲ್ವಾ? ಖಜಾಂಚಿ ಯಾರಾಗಬೇಕು, ಕ್ರಿಸ್ಮಸ್ ಪೆಂಡಾಲ್ ಯಾರಿಗೆ ಕೊಡಬೇಕು, ಇಷ್ಟೇ. ಸಭಾಪಾಲಕರು, ಅಂದರೆ ನಮ್ಮ ಪಾದ್ರಿಗಳು, ಬರೀ ಉಪದೇಶ ಮಾಡಿದರೆ ಸಾಲದು. ಮುಂದಿನ ಪ್ರಭುಭೋಜನಕ್ಕೆ ಮೊದಲು ಎರಡೂ ಕಡೆಯವರನ್ನು ಕೂರಿಸಿ ಮಾತಾಡಿಸಲಿ. ಕಾಫಿ, ತಿಂಡಿ ಖರ್ಚು ನನ್ನದು.

– ನಿವೃತ್ತ ಶಿಕ್ಷಕಿ, ಹಾಸನ