ಅರಗಿನ ತಟ್ಟೆಯನ್ನು ಉಳಿಸಿಕೊಟ್ಟವರಿಗೆ

ಬಹುಕಾಲ ಹುಡುಕಿ ಪಡೆದ 78 ಆರ್‌ಪಿಎಂ (ನಿಮಿಷಕ್ಕೆ 78 ಸುತ್ತು ತಿರುಗುವ) ಪಿಟೀಲು ವಾದನದ ಗ್ರಾಮಫೋನ್ ತಟ್ಟೆಗೆ ಬೂಸ್ಟು ಹಿಡಿದಿತ್ತು. ಇನ್ನೊಂದು ಪ್ರತಿ ಸಿಗುವ ಆಸೆಯಿರಲಿಲ್ಲ. ರಿಪೇರಿ ಅಂಗಡಿಯ ತಂತ್ರಜ್ಞರು ಮೊದಲು ತಮ್ಮ ಕೈ ತೊಳೆದುಕೊಂಡರು. ಸ್ಪಿರಿಟ್ ಬಾಟಲಿಯನ್ನು ದೂರ ಸರಿಸಿ, 'ಅರಗು ಇದರಲ್ಲಿ ಕರಗಿಹೋಗುತ್ತೆ' ಎಂದರು. ಬಟ್ಟಿ ಇಳಿಸಿದ ನೀರು, ಮೆತ್ತನೆಯ ಬ್ರಷ್, ಅಷ್ಟೇ. ಲೇಬಲ್ ನೆನೆಯದಂತೆ ಅಂಗೈ ಅಡ್ಡ ಹಿಡಿದು, ಧ್ವನಿ ಕೊರೆದ ಗೀರುಗಳ ಸುತ್ತಿನಗುಂಟವೇ ಒರೆಸಿದರು. ಪ್ಲೇಯರಿನಿಂದ ಎಲ್‌ಪಿಯ (ನಂತರ ಬಂದ ಲಾಂಗ್ ಪ್ಲೇ ತಟ್ಟೆಯ) ಸಣ್ಣ ಸೂಜಿ ತೆಗೆದು, ಹಳೆಯ ಅಗಲ ಗೀರಿಗೆ ಹೊಂದುವ ದಪ್ಪ ತುದಿಯದನ್ನು ಹಾಕಿದರು.

ಚರಚರ ಸದ್ದಿನ ನಡುವಿನಿಂದ ಪಿಟೀಲು ಎದ್ದು ಬಂತು! ಹೋದ ಜೀವ ಬಂದಂತಾಯಿತು. ಆ ಮೂರು ನಿಮಿಷ ಮುಗಿಯುವವರೆಗೂ ಅವರು ಬೇರೆ ಕೆಲಸ ಮುಟ್ಟಲಿಲ್ಲ. ಹೊಸ ಕಾಗದದ ಕವರಿಗೆ ಹಾಕಿಕೊಟ್ಟು, 'ನಿಲ್ಲಿಸಿಡಿ, ಒಂದರ ಮೇಲೊಂದು ಪೇರಿಸಬೇಡಿ' ಎಂದರು. ಹೆಸರು ಕೇಳಲಾಗಲಿಲ್ಲ. ಧನ್ಯವಾದ ಸರ್, ಇನ್ನೊಂದು ಬದಿಯೂ ಚೆನ್ನಾಗಿ ನುಡಿಯುತ್ತಿದೆ.