ಹದಿಮೂರು ದಿನ

ಚಿರಂಜೀವಿ ಪುಟ್ಟುವಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ನಿನ್ನೆ ರಾತ್ರಿ ಅಕ್ಕ ಫೋನ್ ಮಾಡಿದ್ದಳು. ಮಾತಿನ ನಡುವೆ ಗಂಟಲು ಕಟ್ಟಿತು ಅವಳಿಗೆ. ನಿನ್ನ ಜನನ ಪ್ರಮಾಣಪತ್ರದಲ್ಲಿರುವ 2009ರ ಡಿಸೆಂಬರ್ 19ನ್ನು 2010ರ ಜನವರಿಗೆ ತಳ್ಳಿಬಿಟ್ಟರೆ, ಮುಂದಿನ ಹದಿನೇಳರೊಳಗಿನ ಭಾರತ ಫುಟ್‌ಬಾಲ್ ತಂಡದ ಆಯ್ಕೆಗೆ ನೀನು ನಿಲ್ಲಬಹುದು ಎಂದು ಯಾರೋ ತಲೆಗೆ ತುಂಬಿದ್ದಾರಂತೆ. ಮಾಡಿಸಿಕೊಡುವವರೂ ಸಿದ್ಧರಿದ್ದಾರಂತೆ. ಭಾವ ಏನೂ ಹೇಳುತ್ತಿಲ್ಲ. ನೀನು ಆಗಲಿ ಅಂದಿಲ್ಲ, ಬೇಡ ಅಂತಲೂ ಅಂದಿಲ್ಲ. ಈ ಮಾತನ್ನು ಫೋನಿನಲ್ಲಿ ಆಡಿದರೆ ನನಗೆ ಸಿಟ್ಟು ಬರುತ್ತದೆ, ನಿನಗೆ ಅಳು ಬರುತ್ತದೆ. ಅದಕ್ಕೇ ಕಾಗದ ಹಿಡಿದು ಕೂತೆ.

ನಿನ್ನ ಸಂಕಟ ಸಣ್ಣದು ಅಂತ ನಾನು ಹೇಳುವುದಿಲ್ಲ. ಕಿರಿಯರ ಫುಟ್‌ಬಾಲ್‌ನಲ್ಲಿ ವಯಸ್ಸಿನ ಸಾಲು ಹುಟ್ಟಿದ ವರ್ಷದ ಲೆಕ್ಕದಲ್ಲಿ, ಹಾಗಾಗಿ ಜನವರಿ 1 ಅನ್ನುವುದು ಗೋಡೆ ಇದ್ದ ಹಾಗೆ. ಹದಿಮೂರು ದಿನ ತಡವಾಗಿ ಹುಟ್ಟಿದ್ದರೆ ನೀನು 2010ರ ಸಾಲಿನಲ್ಲಿ ಎಲ್ಲರಿಗಿಂತ ಹಿರಿಯನಾಗಿರುತ್ತಿದ್ದೆ. ಈಗ 2009ರ ಸಾಲಿನಲ್ಲಿ ಎಲ್ಲರಿಗಿಂತ ಕಿರಿಯ. ನಿನ್ನದೇ ಸಾಲಿನಲ್ಲಿ ಜನವರಿಯಲ್ಲಿ ಹುಟ್ಟಿದವನು ನಿನಗಿಂತ ಹನ್ನೊಂದು ತಿಂಗಳು ಹೆಚ್ಚು ಉಂಡು, ಓಡಿ, ಬೆಳೆದು ಬಂದಿರುತ್ತಾನೆ. ಎಷ್ಟೋ ದೇಶಗಳ ಕಿರಿಯರ ತಂಡಗಳಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದ ಹುಡುಗರೇ ಹೆಚ್ಚು ಸಿಗುತ್ತಾರೆ. ಆಯ್ಕೆ ಮಾಡುವವರ ಕಣ್ಣಿಗೆ ಮೈಕಟ್ಟು ಮೊದಲು ಬೀಳುತ್ತದೆ, ಆಟ ಆಮೇಲೆ. ಕಳೆದ ಸಲ ನಿನ್ನನ್ನು ಕೈಬಿಟ್ಟಾಗ ಆದದ್ದೂ ಅದೇ. 2025ರ ನವೆಂಬರ್ ಕೊನೆಯಲ್ಲಿ ಅಹಮದಾಬಾದ್‌ನಲ್ಲಿ ನಮ್ಮ ಹುಡುಗರು ಮೊದಲು ಗೋಲು ಬಿಟ್ಟುಕೊಟ್ಟೂ ಇರಾನನ್ನು 2-1ರಿಂದ ಸೋಲಿಸಿ ಏಷ್ಯಾ ಕಪ್‌ಗೆ ಹೋದರಲ್ಲ, ಆ ದಿನ ಮನೆಯವರೆಲ್ಲ ಕುಣಿಯುತ್ತಿದ್ದಾಗ ನೀನು ಸದ್ದಿಲ್ಲದೆ ಹೊರಗೆ ಹೋಗಿ ಚಪ್ಪಲಿ ಬಿಡುವ ಕಡೆ ಕೂತಿದ್ದೆ. ನಾನು ನೋಡಿದ್ದೆ. ಹತ್ತಿರ ಬಂದು ಮಾತಾಡಿಸಬೇಕಿತ್ತು. ಮಾತಾಡಿಸಲಿಲ್ಲ, ಅದು ನನ್ನ ತಪ್ಪು.

ಈಗ ಆ ತಾರೀಖಿನ ವಿಷಯ.

ಸಿಕ್ಕಿಬೀಳುತ್ತೀಯ ಎಂದು ಹೆದರಿಸುವುದು ಸುಲಭ. ಹದಿನೇಳರೊಳಗಿನ ಹುಡುಗರಿಗೆ ಮಣಿಕಟ್ಟಿನ ಎಂಆರ್‌ಐ ಮಾಡುತ್ತಾರೆ. ಮುಂಗೈ ಮೂಳೆಯ ತುದಿಯಲ್ಲಿ ಬೆಳೆಯುವ ಎಳೆ ಭಾಗವೊಂದು ಇರುತ್ತದೆ. ವಯಸ್ಸಾಗುತ್ತ ಅದು ಮೂಳೆಯೊಂದಿಗೆ ಬೆಸೆದುಕೊಳ್ಳುತ್ತದೆ. ಆ ಬೆಸುಗೆಯನ್ನು ಆರು ಹಂತಗಳಲ್ಲಿ ಅಳೆಯುತ್ತಾರೆ. ಹದಿನೇಳು ತುಂಬುವ ಮೊದಲೇ ಪೂರ್ತಿ ಬೆಸೆಯುವುದು ತೀರ ಅಪರೂಪವಾದ್ದರಿಂದ ಆರನೆಯ ಹಂತ ಕಂಡರೆ ಆ ಹುಡುಗ ಹೊರಗೆ. ಇಪ್ಪತ್ತರವನು ಹದಿನಾರು ಅಂತ ಹೇಳಿಕೊಂಡು ಬಂದರೆ ಇದರಲ್ಲಿ ಬಯಲಾಗುತ್ತಾನೆ. ಆದರೆ ಪುಟ್ಟು, ಹದಿಮೂರು ದಿನ ಯಾವ ಯಂತ್ರಕ್ಕೂ ಕಾಣುವುದಿಲ್ಲ. ನಿನಗೆ ತಲೆಗೆ ತುಂಬಿದವರಿಗೆ ಇದು ಚೆನ್ನಾಗಿ ಗೊತ್ತು. ಕಾಗದಪತ್ರ ಸರಿಹೊಂದಿಸಿಬಿಟ್ಟರೆ ನೀನು ಬಹುಶಃ ಪಾರಾಗುತ್ತೀಯ. ಅದಕ್ಕೇ ನನಗೆ ಹೆಚ್ಚು ಭಯ. ನಾನೂ ಪಾರಾದವನೇ.

ಈ ಸಂಗತಿ ಅಕ್ಕನಿಗೂ ಪೂರ್ತಿ ಗೊತ್ತಿಲ್ಲ. ನಾನು ಹತ್ತೊಂಬತ್ತು ತುಂಬಿದ ಮೇಲೆ ಹದಿನೇಳು ಅಂತ ಬರೆಸಿ ಜೂನಿಯರ್ ತಂಡದಲ್ಲಿ ಆಡಿದೆ. ಆಗ ಎಂಆರ್‌ಐ ಎಲ್ಲಿಯದು, ಒಂದು ಶಾಲಾ ದಾಖಲೆ ಸಾಕಿತ್ತು. ಬರೆಸಿಕೊಟ್ಟ ಹಿರಿಯರು 'ಎಲ್ಲರೂ ಮಾಡ್ತಾರೆ ಕಣೋ' ಅಂದರು. ಎರಡು ಸೀಸನ್ ನಾನು ರಾಜನ ಹಾಗೆ ಮೆರೆದೆ. ಎದುರಿಗಿದ್ದವರೆಲ್ಲ ಎಳೆಯರು. ಭುಜ ಕೊಟ್ಟರೆ ಬೀಳುತ್ತಿದ್ದರು, ಬಾಲ್ ಮುಂದಕ್ಕೆ ತಳ್ಳಿ ಓಡಿದರೆ ಹಿಂದೆ ಉಳಿಯುತ್ತಿದ್ದರು. ಹೀಗಾಗಿ ಬಾಲ್ ಬರುವ ಮೊದಲೇ ಕತ್ತು ತಿರುಗಿಸಿ ಎರಡೂ ಬದಿ ನೋಡಿಕೊಳ್ಳುವುದು, ಮೈ ಅರ್ಧ ತೆರೆದು ದೂರದ ಕಾಲಿನಲ್ಲಿ ಬಾಲ್ ತೆಗೆದುಕೊಳ್ಳುವುದು, ಎಡಗಾಲಲ್ಲಿ ಪಾಸ್ ಕೊಡುವುದು ಯಾವುದನ್ನೂ ನಾನು ಕಲಿಯಲೇ ಇಲ್ಲ. ಕಲಿಯುವ ಅಗತ್ಯವೇ ಬೀಳಲಿಲ್ಲ. ಬೆಂಗಳೂರಿಗೆ ಬಂದು ಎ ಡಿವಿಷನ್‌ನಲ್ಲಿ ದೊಡ್ಡವರ ಜೊತೆ ಆಡತೊಡಗಿದಾಗ ಮೊದಲ ಹತ್ತು ನಿಮಿಷದಲ್ಲೇ ಅಶೋಕನಗರದ ಸ್ಟೇಡಿಯಂ ನನಗೆ ಇಕ್ಕಟ್ಟಾಯಿತು. ಭುಜಕ್ಕೆ ಭುಜ ಸಮ. ಓಟಕ್ಕೆ ಓಟ ಸಮ. ನನ್ನ ಹತ್ತಿರ ಬೇರೆ ಏನೂ ಇರಲಿಲ್ಲ. ಎರಡು ವರ್ಷ ಬೆಂಚಿನ ಮೇಲೆ ಕೂತು ಬಿಟ್ಟುಬಿಟ್ಟೆ. ಮಂಡಿ ನೋವು ಅಂತ ಮನೆಯಲ್ಲಿ ಹೇಳಿದ್ದು ಸುಳ್ಳು.

ನನ್ನಿಂದಾಗಿ ಜೂನಿಯರ್ ತಂಡದಿಂದ ಹೊರಗುಳಿದ ಹುಡುಗನೊಬ್ಬನಿದ್ದ. ನಿಜವಾಗಿ ಹದಿನಾರರವನು. ಪಟ್ಟಿ ಓದಿದ ದಿನ ಬಸ್‌ಸ್ಟ್ಯಾಂಡಿನವರೆಗೂ ನಮ್ಮ ಜೊತೆಗೇ ನಡೆದು ಬಂದ. ಹೊಲಿಗೆ ಹಾಕಿಸಿದ ಬೂಟುಗಳ ಲೇಸ್ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದ. ಆ ಬೂಟು ಇವತ್ತಿಗೂ ಕಣ್ಣ ಮುಂದಿದೆ. ಅವನ ಹೆಸರು ಮಾತ್ರ ನೆನಪಾಗುತ್ತಿಲ್ಲ. ಎಷ್ಟೋ ರಾತ್ರಿ ನೆನಪಿಸಿಕೊಳ್ಳಲು ನೋಡಿದ್ದೇನೆ.

ನೀನು ಆ ತಾರೀಖು ಬದಲಿಸಿದರೆ 2010ರಲ್ಲಿ ಹುಟ್ಟಿದ ಒಬ್ಬ ಹುಡುಗ, ಮಿಜೋರಾಮಿನವನೋ ಕೇರಳದವನೋ, ಬೂಟು ಕೊರಳಿಗೆ ಹಾಕಿಕೊಂಡು ಮನೆಗೆ ಹೋಗುತ್ತಾನೆ. ನಿನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಪಾಸ್‌ಪೋರ್ಟ್ ಎಲ್ಲದರಲ್ಲೂ ಆ ಸುಳ್ಳನ್ನೇ ನೀನು ಸಾಕಿಕೊಂಡು ಬರಬೇಕಾಗುತ್ತದೆ.

ಹದಿನೇಳು ದಾಟಿದರೆ ನೀಲಿ ಅಂಗಿಯೇ ಇಲ್ಲ ಎಂದು ನೀನು ಅಂದುಕೊಂಡಿದ್ದೀಯ. ಹಾಗಲ್ಲ. ನಮ್ಮ ದಕ್ಷಿಣ ಏಷ್ಯಾದ ಸ್ಯಾಫ್ ಟೂರ್ನಿಯನ್ನೇ ನೋಡು. ಭಾರತ, ಬಾಂಗ್ಲಾದೇಶ, ನೇಪಾಳ, ಭೂತಾನ್, ಶ್ರೀಲಂಕಾ, ಮಾಲ್ಡೀವ್ಸ್, ಪಾಕಿಸ್ತಾನ, ಒಟ್ಟು ಏಳೇ ದೇಶ. ಚಿಕ್ಕವರಿಗೆ 15, 16, 17 ಎಂದು ಒಮ್ಮೊಮ್ಮೆ ಒಂದೊಂದು ಮಿತಿ. ಅವರಿಗಿಂತ ದೊಡ್ಡವರಿಗೆ 18, 19, 20. 2025ರ ಮೇ ತಿಂಗಳಲ್ಲಿ ಅರುಣಾಚಲದ ಯುಪಿಯಾದಲ್ಲಿ 19ರೊಳಗಿನವರ ಫೈನಲ್ ನಡೆದಾಗ ನಾವಿಬ್ಬರೂ ಒಂದೇ ಮೊಬೈಲಿಗೆ ತಲೆ ತೂರಿಸಿ ನೋಡಿದ್ದೆವು. ಬಾಂಗ್ಲಾದೇಶದ ಎದುರು 1-1, ಪೆನಾಲ್ಟಿಯಲ್ಲಿ 4-3. ನೀನು ನನ್ನ ತೋಳು ಚಿವುಟಿ ಕೆಂಪು ಮಾಡಿದ್ದೆ. ಆ ಸಾಲಿಗೆ ಹೋಗಿ ನಿಲ್ಲಲು ನಿನಗೆ ಇನ್ನೂ ಮೂರು ವರ್ಷ ಇದೆ, ನಿನ್ನದೇ ತಾರೀಖಿನಲ್ಲಿ. ಏಷ್ಯಾದ 20ರೊಳಗಿನ ಟೂರ್ನಿಯೂ ಇದೆ. 1974ರಲ್ಲಿ ಬ್ಯಾಂಕಾಕ್‌ನಲ್ಲಿ ಇರಾನ್ ಜೊತೆ 2-2 ಆಡಿ ಜಂಟಿ ಚಾಂಪಿಯನ್ ಆದ ಕಿರಿಯರ ತಂಡ ನಮ್ಮದೇ.

ಕಿರಿಯನಾಗಿರುವುದು ಶಾಪ ಅಂತಲೂ ತಿಳಿಯಬೇಡ. 2017ರ ಹದಿನೇಳರೊಳಗಿನ ವಿಶ್ವಕಪ್‌ಗೆ ಮಿತಿ ಇದ್ದದ್ದು 2000ದ ಜನವರಿ 1. ದೆಹಲಿಯಲ್ಲಿ ಕೊಲಂಬಿಯಾ ಎದುರು ತಲೆಯಿಂದ ಗೋಲು ಹೊಡೆದ ಜೀಕ್ಸನ್ ಸಿಂಗ್ ಹುಟ್ಟಿದ್ದು 2001ರ ಜೂನ್‌ನಲ್ಲಿ. ಅಂದರೆ ತಂಡದಲ್ಲಿ ಇರಬಹುದಾಗಿದ್ದ ಹಿರಿಯ ಹುಡುಗನಿಗಿಂತ ಒಂದೂವರೆ ವರ್ಷದಷ್ಟು ಚಿಕ್ಕವನು. ಫಿಫಾ ವಿಶ್ವಕಪ್‌ನಲ್ಲಿ ಭಾರತದ ಮೊದಲ ಗೋಲು ಅದು. ಕಾರ್ನರ್ ಕೊಟ್ಟವನು ನಮ್ಮ ಬೆಂಗಳೂರಿನ ಸಂಜೀವ್ ಸ್ಟಾಲಿನ್. ನಾವು 2-1ರಿಂದ ಸೋತೆವು, ನಿಜ. ಆದರೆ ಆ ಎರಡು ಹುಡುಗರ ಹೆಸರು ಹೇಳುವಾಗ ನನ್ನ ದನಿ ಈಗಲೂ ತುಂಬಿ ಬರುತ್ತದೆ.

ನಿನ್ನಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ. ದೊಡ್ಡವರ ನಡುವೆಯೇ ಆಡಿ ಬೆಳೆದದ್ದರಿಂದ ನಿನಗೆ ಬಾಲ್ ಬರುವ ಮೊದಲು ನೋಡುವ ಕಣ್ಣು ಬಂದಿದೆ. ಫಸ್ಟ್ ಟಚ್ ಮೆತ್ತಗಿದೆ. ನನಗಿಲ್ಲದ್ದು ಎರಡೂ. ಎಡಗಾಲು ಇನ್ನೂ ಮರದ ಹಾಗಿದೆ, ಅದನ್ನು ಸರಿಮಾಡೋಣ.

ಭಾವನ ಹತ್ತಿರ ಈ ಮಾತು ನೀನೇ ಆಡಬೇಕು, ನನ್ನ ಬಾಯಿಂದ ಬೇಡ. ಅವರು ಸುಮ್ಮನಿರುವುದು ಒಪ್ಪಿದ್ದಕ್ಕಲ್ಲ, ನಿನ್ನ ಮುಖ ನೋಡಲಾಗದೆ. ಶನಿವಾರದೊಳಗೆ ಹೇಳಿಬಿಡು. ಅಕ್ಕನಿಗೆ ಈ ಪತ್ರ ತೋರಿಸು, ಮಂಡಿಯ ವಿಷಯವೂ ತಿಳಿಯಲಿ.

ಭಾನುವಾರ ಬೆಳಿಗ್ಗೆ ಆರಕ್ಕೆ ಮೈದಾನಕ್ಕೆ ಬರುತ್ತೇನೆ. ಎರಡು ಬಾಲ್ ತಗೊಂಡು ಬಾ. ನಾನು ಗೋಡೆಯ ಹತ್ತಿರ ನಿಂತು ಎಣಿಸುತ್ತೇನೆ, ನೀನು ಎಡಗಾಲಲ್ಲಿ ಮಾತ್ರ ಹೊಡೆಯಬೇಕು.

ನಿನ್ನ ಪ್ರೀತಿಯ
ಮಾವ