ಮಳೆಯ ರಾತ್ರಿ ಹಾಳೆ ಒಣಗಿಸಿದವರಿಗೆ

ಮಾನಸಗಂಗೋತ್ರಿಯಲ್ಲಿ ನಾವು ನಡೆಸಿದ ಡಿಸೆಂಬರ್ 29ರ ಕಾರ್ಯಕ್ರಮ ಕಳೆದು ಎರಡು ವಾರವಾಯಿತು. ಅಂದೇ ಬರೆಯಬೇಕಾಗಿದ್ದ ಮಾತುಗಳು ಇವು. ಅಮ್ಮ ಮನೆಗೆ ಬರುವವರೆಗೆ ನನಗೆ ಕೈ ಓಡಲಿಲ್ಲ. ಆಸ್ಪತ್ರೆಯ ಸಂಗತಿ ನಿಮಗೆಲ್ಲ ಗೊತ್ತಿರುವುದೇ, ಮತ್ತೆ ಹೇಳುವುದಿಲ್ಲ. ಸೋಮವಾರ ಅಮ್ಮ ಮನೆಗೆ ಬಂದಳು. ಈಗ ನಡುಮನೆಯಲ್ಲಿ ಮಲಗಿದ್ದಾಳೆ. ಅವಳ ಪಕ್ಕದಲ್ಲೇ ಕುಳಿತು ಇದನ್ನು ಬರೆಯುತ್ತಿದ್ದೇನೆ.

ಕುವೆಂಪು ಅವರ ಹುಟ್ಟಿದ ದಿನ ಮಾನಸಗಂಗೋತ್ರಿ ಊರಿನವರಿಗಾಗಿ ತೆರೆದುಕೊಳ್ಳಬೇಕು ಎನ್ನುವುದು ನಮ್ಮ ಹುಡುಗ ಹುಡುಗಿಯರ ಆಸೆಯಾಗಿತ್ತು. 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಯಾಗಿದ್ದ ಅವರೇ ಈ ಆವರಣಕ್ಕೆ ಹೆಸರಿಟ್ಟವರು. ಅದಕ್ಕೂ ಹಿಂದೆ, ಇದೇ ವಿಶ್ವವಿದ್ಯಾನಿಲಯದ ಅಧ್ಯಾಪಕರು ಊರೂರಿಗೆ ಹೋಗಿ ಕನ್ನಡದಲ್ಲಿ ಪ್ರಚಾರೋಪನ್ಯಾಸ ಕೊಡುತ್ತಿದ್ದರು. ಆ ಉಪನ್ಯಾಸಗಳು ಪುಟ್ಟ ಪುಸ್ತಕಗಳಾಗಿ ಅಚ್ಚಾಗುತ್ತಿದ್ದವು. ನಾವು ಮಾಡಿದ್ದು ಅದರ ಮುಂದೆ ಏನೇನೂ ಅಲ್ಲ. ಒಂದೊಂದು ವಿಭಾಗದವರೂ ತಾವು ಓದುತ್ತಿರುವುದನ್ನು ಕನ್ನಡದಲ್ಲಿ, ಕೈಬರಹದಲ್ಲಿ, ಒಂದೇ ಚಾರ್ಟ್ ಹಾಳೆಯಲ್ಲಿ ಬರೆಯಬೇಕು. ಮನೆಯಲ್ಲಿ ಅಮ್ಮ ಓದಿದರೆ ಅವಳಿಗೆ ಅರ್ಥವಾಗಬೇಕು. ಷರತ್ತು ಇಷ್ಟೇ. ಮೂವತ್ತಾರು ಹಾಳೆಗಳಾದವು. ನನ್ನದು ಕುಕ್ಕರಹಳ್ಳಿ ಕೆರೆಯ ಹೆಜ್ಜಾರ್ಲೆ, ಅಂದರೆ ಪೆಲಿಕನ್ ಹಕ್ಕಿಯ ಬಗ್ಗೆ. ಐದು ವರ್ಷಗಳಿಂದ ಬೆಳಗಾದರೆ ಬೈನಾಕ್ಯುಲರ್ ಹಿಡಿದು ಎಲ್ಲಿಗೆ ಹೋಗುತ್ತೇನೆ ಎಂದು ಅಮ್ಮ ಕೇಳುತ್ತಲೇ ಇದ್ದಳು. ಸರಿಯಾಗಿ ಒಮ್ಮೆಯೂ ಹೇಳಿರಲಿಲ್ಲ.

28ರ ರಾತ್ರಿ ಯಾರೂ ಎಣಿಸದ ಮಳೆ ಬಂತು. ಹಾಳೆಗಳ ಪೆಟ್ಟಿಗೆಯನ್ನು ಶಾಮಿಯಾನದ ಕೆಳಗೆ ಬಿಟ್ಟವಳು ನಾನು. ಓಡಿಬಂದು ನೋಡುವಷ್ಟರಲ್ಲಿ ಶಾಮಿಯಾನ ನೀರು ತುಂಬಿ ಜೋತುಬಿದ್ದಿತ್ತು, ಪೆಟ್ಟಿಗೆಯ ತಳ ನೆನೆದು ಬಿಟ್ಟುಕೊಂಡಿತ್ತು. ಸ್ಕೆಚ್ ಪೆನ್ನಿನ ಬಣ್ಣ ಒಂದು ಹಾಳೆಯಿಂದ ಇನ್ನೊಂದಕ್ಕೆ ಇಳಿಯುತ್ತಿತ್ತು. ಅದೇ ಹೊತ್ತಿಗೆ ಆಸ್ಪತ್ರೆಯಿಂದ ಮಾವನ ಫೋನ್ ಬಂತು.

ನಮ್ಮ ವಿಭಾಗದ ಅಟೆಂಡರ್ ಅಣ್ಣನ ಬಗ್ಗೆ ಹೇಳಬೇಕಾದದ್ದು ಇಲ್ಲಿಂದ. ಹೆಸರು ಹಾಕಬೇಡಿ ಎಂದು ಅವರೇ ಕೇಳಿಕೊಂಡಿದ್ದಾರೆ. ಅವರು ನನ್ನ ಕೈಯಿಂದ ಪೆಟ್ಟಿಗೆ ತೆಗೆದುಕೊಂಡು, "ನೀವು ತಾಯಿಯವರ ಹತ್ತಿರ ಹೋಗಿ ಮೇಡಂ, ಕಾಗದ ನಾನು ನೋಡಿಕೊಳ್ಳುತ್ತೇನೆ" ಎಂದರು. ಕಾಗದ ಒಣಗಿಸುವುದು ಅವರಿಗೆ ಹೊಸದಲ್ಲ ಎಂದು ನನಗೆ ಆಮೇಲೆ ತಿಳಿಯಿತು. ಇಲ್ಲಿಗೆ ಬರುವ ಮೊದಲು ಅವರು ಹನ್ನೊಂದು ವರ್ಷ ಹರ್ಬೇರಿಯಂನಲ್ಲಿ ಗಿಡಗಳ ಮಾದರಿಗಳನ್ನು ಹಳೆಯ ಪತ್ರಿಕೆಗಳ ನಡುವೆ ಒತ್ತಿಟ್ಟು, ದಿನವೂ ಪತ್ರಿಕೆ ಬದಲಿಸಿ ಒಣಗಿಸಿದವರು. ಆ ರಾತ್ರಿ ಮಳೆಯಲ್ಲೇ ಸೈಕಲ್ ತುಳಿದು ಪಡುವಾರಹಳ್ಳಿಯ ಮನೆಯಿಂದ ಇಸ್ತ್ರಿ ಪೆಟ್ಟಿಗೆ ತಂದರು. ಮೇಜಿನ ಮೇಲೆ ಪತ್ರಿಕೆ, ಅದರ ಮೇಲೆ ಹಾಳೆ, ಹಾಳೆಯ ಮೇಲೆ ಮತ್ತೆ ಪತ್ರಿಕೆ. ಇಸ್ತ್ರಿ ಬೆಚ್ಚಗಿದ್ದರೆ ಸಾಕು, ಸುಡಬಾರದು. ಎಳೆಯಬಾರದು, ಇಟ್ಟು ಒತ್ತಿ ಎತ್ತಬೇಕು. ಎಳೆದರೆ ಅಕ್ಷರವೂ ಜೊತೆಗೇ ಹೋಗುತ್ತದೆ ಎಂದು ಅವರು ನನಗೆ ಮೊನ್ನೆ ಮಾಡಿ ತೋರಿಸಿದರು.

ರಾತ್ರಿ ಒಂದು ಗಂಟೆಗೆ ಫೋನ್ ಮಾಡಿದರು. "ಹನ್ನೆರಡು ಆಯಿತು ಮೇಡಂ. ತಾಯಿಯವರು ಹೇಗಿದ್ದಾರೆ?" ಎರಡೂವರೆಗೆ ಮತ್ತೆ. "ಇಪ್ಪತ್ತೆರಡು." ನಾನು ಐಸಿಯು ಹೊರಗೆ ತಣ್ಣನೆಯ ನೆಲದ ಮೇಲೆ ಕುಳಿತಿದ್ದೆ. ಡಾಕ್ಟರು ಹೇಳಿದ್ದು ಮಾವನಿಗೂ ಅರ್ಥವಾಗಿರಲಿಲ್ಲ, ನನಗೂ ಅರ್ಥವಾಗಿರಲಿಲ್ಲ. ಅಮ್ಮ ಹೋಗಿಬಿಡುತ್ತಾಳೆ ಎಂದೇ ಅಂದುಕೊಂಡಿದ್ದೆ. ನಾನು ಏನು ಓದಿದೆ ಎಂದು ತಿಳಿಯದೆಯೇ ಹೋಗಿಬಿಡುತ್ತಾಳೆ, ಹೇಳಲು ಐದು ವರ್ಷ ಸಮಯವಿತ್ತು, ಹೇಳಲಿಲ್ಲ. ಇದು ಬಿಟ್ಟು ತಲೆಯಲ್ಲಿ ಬೇರೇನೂ ಇರಲಿಲ್ಲ. ಆ ಹೊತ್ತಿನಲ್ಲಿ ಎಲ್ಲೋ ಒಂದು ಕೋಣೆಯಲ್ಲಿ ಹಾಳೆಗಳು ಒಂದೊಂದಾಗಿ ಒಣಗುತ್ತಿವೆ ಎನ್ನುವ ಆ ಲೆಕ್ಕ ನನ್ನನ್ನು ಹಿಡಿದು ಕೂರಿಸಿತು. ಮೂರನೆಯ ಫೋನ್ ನಾಲ್ಕೂಮುಕ್ಕಾಲಿಗೆ ಬಂತು. "ಮೂವತ್ತೈದು. ನಿಮ್ಮದೊಂದು ಉಳಿದಿದೆ, ಅದನ್ನು ನಿಧಾನವಾಗಿ ಮಾಡುತ್ತೇನೆ." ಅಷ್ಟರಲ್ಲಿ ಅಮ್ಮನ ಉಸಿರಾಟ ಒಂದು ಹದಕ್ಕೆ ಬಂದಿತ್ತು. ಅದನ್ನು ನಾನು ಮೊದಲು ಹೇಳಿದ್ದು ಅವರಿಗೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ.

ಬೆಳಿಗ್ಗೆ ನಾನು ಬರುವಾಗ ಕಾರಿಡಾರಿನ ಉದ್ದಕ್ಕೂ ಹಗ್ಗ ಕಟ್ಟಿ, ಬಟ್ಟೆಯ ಕ್ಲಿಪ್ಪು ಹಾಕಿ, ಮೂವತ್ತಾರನ್ನೂ ಸಾಲಾಗಿ ನೇತುಹಾಕಿದ್ದರು. ಬಣ್ಣ ಹರಡಿದ ಕಡೆ ಹರಡಿಯೇ ಇತ್ತು. ಓದಲಾಗದ ಹಾಳೆ ಒಂದೂ ಇರಲಿಲ್ಲ.

ಆ ದಿನ ಬಂದವರಿಗೆ ಇದಾವುದೂ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇರಲಿಲ್ಲ. ಕೆರೆಯ ಏರಿಯ ಮೇಲೆ ಮಕ್ಕಳನ್ನು ಹಕ್ಕಿ ನೋಡಲು ಕರೆದೊಯ್ದ ಕಿರಿಯರು, ಆವರಣದ ಹಳೆಯ ಮಹಲು ಜಯಲಕ್ಷ್ಮಿ ವಿಲಾಸದ ಮುಂದೆ ನಿಂತು ಕಥೆ ಹೇಳಿದ ಇತಿಹಾಸದ ಗೆಳತಿ, ಬಯಲು ರಂಗಮಂದಿರದಲ್ಲಿ ಸಂಜೆ ಹಾಡಿದವರು, ಮೈಕ್‌ನವರು, ಉಪ್ಪಿಟ್ಟು ಕೇಸರಿಬಾತು ಮಾಡಿಕೊಟ್ಟ ಹಾಸ್ಟೆಲ್ ಅಡುಗೆಮನೆಯವರು, ಎಲ್ಲರಿಗೂ ಮನಸ್ಸಿನಿಂದ ನಮಸ್ಕಾರ. ಸೊಪ್ಪು ಮಾರುವ ಒಬ್ಬ ಅಜ್ಜಿ ಬುಟ್ಟಿ ಪಕ್ಕಕ್ಕಿಟ್ಟು, ಮೊಮ್ಮಗಳ ಕೈಯಲ್ಲಿ ಹಾಳೆಗಳನ್ನು ಓದಿಸಿಕೊಳ್ಳುತ್ತಾ ಸಾಲಿನ ಕೊನೆಯವರೆಗೂ ನಡೆದರು. ಗೇಟಿನ ಹೊರಗೆ ಎಷ್ಟೋ ವರ್ಷಗಳಿಂದ ಕೂರುತ್ತಿದ್ದರೂ ಅಂದೇ ಮೊದಲ ಸಲ ಒಳಗೆ ಬಂದದ್ದಂತೆ.

ಕಾರ್ಯಕ್ರಮ ಮುಗಿದ ಮೇಲೆ ಅಣ್ಣ ನನ್ನ ಹಾಳೆಯನ್ನು ಪತ್ರಿಕೆಯಲ್ಲಿ ಸುತ್ತಿ ಕೊಟ್ಟರು. "ಇದು ಗೋಡೆಗೆ ಅಂಟಿಸುವುದಲ್ಲ ಮೇಡಂ, ತಾಯಿಯವರಿಗೆ" ಎಂದರು. ಸೋಮವಾರ ಸಂಜೆ ಬಿಚ್ಚಿ ಅಮ್ಮನ ಮುಂದೆ ಹಿಡಿದೆ. ಹೆಜ್ಜಾರ್ಲೆಯ ಕೊಕ್ಕಿನ ಕೆಳಗಿನ ಚೀಲಕ್ಕೆ ನಾನು ಹಚ್ಚಿದ್ದ ಗುಲಾಬಿ ಬಣ್ಣ ಎರಡು ಸಾಲುಗಳ ಮೇಲೆ ಹರಡಿದೆ. ಅಮ್ಮ ಕನ್ನಡಕ ಹಾಕಿಕೊಂಡು ಬೆರಳಿಟ್ಟು ಓದಿದಳು, ಬಹಳ ಹೊತ್ತು.

"ಹಾಗಾದರೆ ಮೀನನ್ನು ಆ ಚೀಲದಲ್ಲಿ ತುಂಬಿಟ್ಟುಕೊಳ್ಳುವುದಿಲ್ಲವೇನೇ?"

ಇಲ್ಲಮ್ಮ, ಅದು ಬಲೆ ಇದ್ದ ಹಾಗೆ, ನೀರು ಬಸಿದು ಆಗಲೇ ನುಂಗಿಬಿಡುತ್ತದೆ ಎಂದೆ. ಮರಿಗಳಿಗೆ ಹೇಗೆ ಉಣಿಸುತ್ತದೆ ಎಂದು ಕೇಳಿದಳು. ಅದನ್ನೂ ಹೇಳಿದೆ.